ಮಾರುವ ಮುಂಚೆ ಒಂದು ಸಲ ಕಾರಿನ ಕೆಳಗೆ ಮಲಗಿ ನೋಡಿ

ನನ್ನ ಹತ್ತಿರ ಎರಡು ಎಂಜಿಬಿ ಇದ್ದವು, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಒಂದು 1969ರ ರೋಡ್‌ಸ್ಟರ್, ಮೇಲೆ ಬಟ್ಟೆಯ ಹುಡ್ ಇರುವುದು. ಇನ್ನೊಂದು 1972ರ ಜಿಟಿ, ಅದಕ್ಕೆ ತಗಡಿನ ಟಾಪ್. ರೋಡ್‌ಸ್ಟರ್ ಬಣ್ಣ ಮಂಕಾಗಿತ್ತು, ಡ್ರೈವರ್ ಸೀಟು ಹರಿದಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಜಿಟಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು, ಅಷ್ಟು ಹೊಳಪು. ಬಂದವರೆಲ್ಲ ಒಂದೇ ಮಾತು: "ಆ ಹಳೇದನ್ನ ತೆಗೆದುಬಿಡಿ, ಇದನ್ನ ಇಟ್ಟುಕೊಳ್ಳಿ." ನಾನು ಮಾಡಿದ್ದು ಉಲ್ಟಾ. ಹೊಳೆಯುವುದನ್ನು ಮಾರಿದೆ, ಹೊಗೆ ಬಿಡುವುದನ್ನು ಉಳಿಸಿಕೊಂಡೆ. ಅದೇ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಬೇರೆ ಕಾರಾಗಿರಬಹುದು, ನೋಡುವ ಕ್ರಮ ಅಷ್ಟೇನೂ ಬದಲಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರು ನಡುರಸ್ತೆಯಲ್ಲಿ ಕೈಕೊಟ್ಟ ದಿನ ಏನನ್ನೂ ತೀರ್ಮಾನ ಮಾಡಬೇಡಿ. ಆ ದಿನ ಎಂಥ ಕಾರನ್ನಾದರೂ ಗುಜರಿಗೆ ಹಾಕಬೇಕು ಅನ್ನಿಸುತ್ತದೆ. ಹುಡ್ ಮಡಚಿಕೊಂಡು ತಂಪು ಹೊತ್ತಲ್ಲಿ ಒಂದು ರೌಂಡ್ ಹೋಗಿ ಬಂದ ದಿನವೂ ಬೇಡ. ಆ ದಿನ ಎಂಥ ಕೊಳೆತ ಕಾರನ್ನಾದರೂ ಜೀವನಪರ್ಯಂತ ಇಟ್ಟುಕೊಳ್ಳಬೇಕು ಅನ್ನಿಸುತ್ತದೆ. ಎರಡೂ ದಿನ ಮಾತಾಡುವುದು ನಾವು, ಕಾರಲ್ಲ.

ಮೊದಲು ನೋಡಬೇಕಾದ್ದು ಬಾಡಿ. ಎಂಜಿನ್ ಆಮೇಲೆ. ಇದನ್ನು ಕಲಿಯೋಕೆ ನನಗೆ ಆರು ವರ್ಷ ಹಿಡಿಯಿತು. ಎಂಜಿಬಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಅದರ ಬೆನ್ನುಮೂಳೆ. ಎಂಜಿನ್ ಕೆಟ್ಟರೆ ಬೋಲ್ಟು ಬಿಚ್ಚಿ ಹೊರಗೆ ಎತ್ತಬಹುದು, ಬೇರೆ ಎಂಜಿನ್ ಕೂರಿಸಬಹುದು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಕೊಳೆತರೆ ಬಿಚ್ಚೋಕೆ ಬೋಲ್ಟೇ ಇಲ್ಲ. ಕತ್ತರಿಸಬೇಕು, ಹೊಸ ತಗಡು ವೆಲ್ಡ್ ಮಾಡಬೇಕು, ಆಮೇಲೆ ಬಣ್ಣ. ಸಿಲ್ ಅಂದರೆ ಹೊರಗೆ ಕಾಣುವ ಒಂದು ತಗಡು ಅಂದುಕೊಳ್ಳಬೇಡಿ. ಒಳಗೊಂದು, ನಡುವೆ ಒಂದು, ಹೊರಗೊಂದು, ಹೀಗೆ ಪದರ ಪದರವಾಗಿ ಸೇರಿಸಿದ ಪೆಟ್ಟಿಗೆ ಅದು. ಅದರ ಮುಂದಿನ ತುದಿ ಮುಂದಿನ ವಿಂಗ್‌ನ ಹಿಂದೆ ಅಡಗಿ ಕೂತಿದೆ. ವಿಂಗ್ ಅಂದರೆ ಚಕ್ರದ ಮೇಲೆ ಬರುವ ಪಕ್ಕದ ತಗಡು. ಸರಿಯಾಗಿ ಮಾಡಬೇಕಾದರೆ ವಿಂಗ್ ಬಿಚ್ಚಬೇಕು, ಇಲ್ಲ ಅದರ ಕೆಳಭಾಗ ಕತ್ತರಿಸಬೇಕು. ಹಾಗಾಗಿ ತುಂಬಾ ಜನ ಸರಿಯಾಗಿ ಮಾಡುವುದಿಲ್ಲ. ಕೊಳೆತದ್ದರ ಮೇಲೇ ಇನ್ನೊಂದು ತಗಡು ಹೊದಿಸಿ ಪುಟ್ಟಿ ಬಳಿದು ಬಿಡುತ್ತಾರೆ.

ಕೊಳೆಯುವುದೂ ಯಾಕೆ ಗೊತ್ತಾ? ಮುಂದಿನ ಚಕ್ರ ಎರಚಿದ ಕೆಸರು ವಿಂಗ್ ಒಳಗೆ ಹೋಗಿ ಸಿಲ್ ತುದಿಯ ಮೇಲೆ ಕೂರುತ್ತದೆ. ಅದನ್ನು ತಡೆಯೋಕೆ ಒಂದು ತಗಡು, ಅದರ ಅಂಚಿಗೆ ರಬ್ಬರ್ ಇರುತ್ತದೆ. ರಬ್ಬರ್ ಹೋದ ಮೇಲೆ ಕೆಸರಿಗೆ ತಡೆ ಇಲ್ಲ. ಒದ್ದೆ ಮಣ್ಣು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹೊರಗಿನಿಂದ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅಂಗೈಯಗಲ ಹೋಗಿರುತ್ತದೆ.

ನೋಡುವ ವಿಧಾನ ಹೀಗೆ. ಒಂದು ಸಣ್ಣ ಅಯಸ್ಕಾಂತ ತೆಗೆದುಕೊಳ್ಳಿ, ಬಣ್ಣ ಗೀಚದ ಹಾಗೆ ತೆಳು ಬಟ್ಟೆ ಸುತ್ತಿ. ಸಿಲ್ ಉದ್ದಕ್ಕೂ, ವಿಂಗ್‌ಗಳ ಕೆಳಗಿನ ಮೂಲೆಗೂ, ಹಿಂದಿನ ಚಕ್ರದ ಕಮಾನಿಗೂ ಇಟ್ಟು ನೋಡಿ. ತಗಡಿದ್ದರೆ ಗಪ್ಪಂತ ಹಿಡಿಯುತ್ತದೆ. ಪುಟ್ಟಿ ದಪ್ಪಗಿದ್ದರೆ ಜಾರುತ್ತದೆ. ಬೆರಳ ಗಂಟಿನಿಂದ ತಟ್ಟಿ, ಶಬ್ದ ಟಣ್ ಅನ್ನದೆ ದಬ್ ಅಂದರೆ ಅಲ್ಲೇ ನಿಂತು ಇನ್ನೊಂದು ಸಲ ತಟ್ಟಿ. ನೆಲದ ಕಾರ್ಪೆಟ್ ಎತ್ತಿ. ಒದ್ದೆಯಾಗಿದ್ದರೆ ನೀರು ಎಲ್ಲಿಂದ ಬಂತು ಹುಡುಕಿ. 1974ರವರೆಗಿನ ಎಂಜಿಬಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸೀಟುಗಳ ಹಿಂದೆ ನೆಲದಲ್ಲಿ ಕೂತಿರುತ್ತವೆ. ಆ ತೊಟ್ಟಿಲುಗಳನ್ನು ಯಾರೂ ಇಣುಕಿ ನೋಡುವುದಿಲ್ಲ. ನೀವು ನೋಡಿ. ನನ್ನ ಜಿಟಿಯಲ್ಲಿ ಒಂದು ತೊಟ್ಟಿಲಿಗೆ ತಳವೇ ಇರಲಿಲ್ಲ, ಬ್ಯಾಟರಿ ಅಂಚಿನ ಮೇಲೆ ನಿಂತಿತ್ತು.

ಆಮೇಲೆ ಜಾಕ್ ಪರೀಕ್ಷೆ. ಬಾಗಿಲ ಸಂದಿಯನ್ನು ಮೇಲೂ ಕೆಳಗೂ ಅಳೆದು ಬರೆದುಕೊಳ್ಳಿ. ಕಾರಿನದೇ ಜಾಕ್ ಪಾಯಿಂಟಿನಲ್ಲಿ ನಿಧಾನಕ್ಕೆ ಎತ್ತಿ. ಸಂದಿಯ ಅಳತೆ ಬದಲಾದರೆ ಅಥವಾ ಬಾಗಿಲು ಬಿಗಿಯಾದರೆ ಸಿಲ್‌ನಲ್ಲಿ ಬಲ ಇಲ್ಲ. ಲಟಲಟ ಶಬ್ದ ಬಂದರೆ ತಕ್ಷಣ ಇಳಿಸಿ. ರೋಡ್‌ಸ್ಟರ್‌ನಲ್ಲಿ ಇದು ಬೇಗ ಗೊತ್ತಾಗುತ್ತದೆ. ಜಿಟಿಯಲ್ಲಿ ಟಾಪ್ ಎಲ್ಲವನ್ನೂ ಹಿಡಿದುಕೊಂಡು ಸುಳ್ಳು ಹೇಳುತ್ತದೆ. ಕೆಳಗೆ ಹೋಗುವ ಮುಂಚೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಮಲಗಬೇಡಿ, ಒಂದು ನಿಮಿಷಕ್ಕೂ ಬೇಡ.

ನನ್ನ ಜಿಟಿಯನ್ನು ನಾನು ಕೊಳ್ಳುವ ಮುಂಚೆ ಯಾರೋ ಚೆನ್ನಾಗಿ ಬಣ್ಣ ಹೊಡೆದಿದ್ದರು. ಅಯಸ್ಕಾಂತ ಎಡಗಡೆ ಸಿಲ್ ಮೇಲೆ ಎಲ್ಲೂ ನಿಲ್ಲಲಿಲ್ಲ. ಹೊರಗೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ವೆಲ್ಡಿಂಗ್ ಮಾಡುವ ಹಿರಿಯರೊಬ್ಬರನ್ನು ಕರೆದು ತೋರಿಸಿದೆ. ಅವರು ಕೆಳಗೆ ಟಾರ್ಚ್ ಹಿಡಿದು ಮಲಗಿದರು, ಐದು ನಿಮಿಷ ಮಾತಿಲ್ಲ. ಎದ್ದು ಕೈ ಒರೆಸಿಕೊಂಡು, "ಸಾರ್, ಎಲ್ಲಿಂದ ಶುರು ಮಾಡಬೇಕು ಅಂತ ಹೇಳಬಲ್ಲೆ. ಎಲ್ಲಿ ಮುಗಿಯುತ್ತೆ ಅಂತ ಮಾತ್ರ ಕೇಳಬೇಡಿ" ಅಂದರು.

ರೋಡ್‌ಸ್ಟರ್ ಕಥೆಯೇ ಬೇರೆ. ಅಯಸ್ಕಾಂತ ಎಲ್ಲ ಕಡೆ ಹಿಡಿಯಿತು. ಬಲಗಡೆ ನೆಲದಲ್ಲಿ ಒಂದು ತೂತು, ಮುಂದಿನ ವಿಂಗ್‌ನ ಮೂಲೆಯಲ್ಲಿ ಒಂದು ಗುಳ್ಳೆ, ಅಷ್ಟೇ. ಆದರೆ ಅದನ್ನು ಮಾರೋಕೆ ನಾನು ಜಾಹೀರಾತು ಬರೆದಿಟ್ಟಿದ್ದೆ. ಕಾರಣ ಎಂಜಿನ್. ಏರಿನಲ್ಲಿ ಉಸಿರು ಕಟ್ಟುತ್ತಿತ್ತು, ಮಿಸ್ ಹೊಡೆಯುತ್ತಿತ್ತು. ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ, ಶಬ್ದ ಕೇಳಿ, "ಎಂಜಿನ್ ಪೂರ್ತಿ ಕೆಲಸ" ಅಂದಿದ್ದರು. ಅಳತೆ ಏನೂ ಮಾಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್, ಎರವಲು ತಂದು ನಾನೇ ನೋಡಿದೆ. ಇದು ಯಾರು ಬೇಕಾದರೂ ಮಾಡುವ ಕೆಲಸ. ಎಂಜಿನ್ ಬಿಸಿಯಾಗಲಿ. ಇಗ್ನಿಷನ್ ಕಾಯಿಲ್‌ನ ವೈರ್ ತೆಗೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ಒಬ್ಬರನ್ನು ಕೂರಿಸಿ, ಒಂದೊಂದೇ ಸಿಲಿಂಡರ್‌ಗೆ ಗೇಜ್ ಹಾಕಿ ಸೆಲ್ಫ್ ಹೊಡೆಯಿರಿ. ನನಗೆ ಬಂದದ್ದು 155, 95, 90, 150 ಪಿಎಸ್‌ಐ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಇಳಿದಿವೆ. ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಏರಲಿಲ್ಲ. ಏರಿದ್ದರೆ ಪಿಸ್ಟನ್ ರಿಂಗ್ ಸವೆದಿವೆ ಅಂತ, ಅದು ದೊಡ್ಡ ಕೆಲಸ. ಏರದಿದ್ದರೆ ತೊಂದರೆ ಮೇಲ್ಗಡೆ: ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳಕ್ಕೂ (ಹೆಡ್) ಕೆಳಗಿನ ಬ್ಲಾಕಿಗೂ ನಡುವೆ ಇರುವ ತೆಳು ಹಾಳೆ. ಅಕ್ಕಪಕ್ಕದವು ಎರಡೂ ಒಟ್ಟಿಗೆ ಇಳಿದಿದ್ದರೆ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಜಾಸ್ತಿ. ಹೆಡ್ ತೆಗೆದಾಗ ಅದೇ ಆಗಿತ್ತು. ಹೆಡ್ ಬಿಚ್ಚಿದ್ದೇ ಬಿಚ್ಚಿದ್ದು ಅಂತ ಅದನ್ನು ಸಪಾಟು ಮಾಡಿಸಿ, ವಾಲ್ವ್ ಗೈಡ್ ಬದಲಾಯಿಸಿ, ಸೀಸ ಇಲ್ಲದ ಪೆಟ್ರೋಲ್‌ಗೆ ತಡೆಯುವ ಗಟ್ಟಿ ವಾಲ್ವ್ ಸೀಟು ಹಾಕಿಸಿದೆ. ನೀಲಿ ಹೊಗೆಯೂ ಅಲ್ಲಿಗೆ ನಿಂತಿತು. ಬರೆದಿಟ್ಟ ಜಾಹೀರಾತು ಈಗಲೂ ಟೂಲ್ ಬಾಕ್ಸ್ ತಳದಲ್ಲಿದೆ, ಆಯಿಲ್ ಕಲೆ ಸಮೇತ.

ಆಯಿಲ್ ಪ್ರೆಶರ್ ಕೂಡ ನೋಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಓಡುವಾಗ ಎಂಜಿಬಿಯ ಮುಳ್ಳು 50 ಪಿಎಸ್‌ಐ ಮೇಲಿದ್ದು, ಐಡಲ್‌ನಲ್ಲಿ 15ರ ಸುತ್ತ ನಿಂತರೆ ಕೆಳಗಿನ ಬೇರಿಂಗ್‌ಗಳ ಬಗ್ಗೆ ಹೆದರಬೇಕಾಗಿಲ್ಲ. ಕ್ಲಚ್ ಮಾತ್ರ ಸ್ವಲ್ಪ ತಲೆನೋವು. ಈ ಕಾರಿನಲ್ಲಿ ಕ್ಲಚ್ ಪ್ಲೇಟ್ ಬದಲಾಯಿಸೋಕೆ ಎಂಜಿನ್ನೇ ಹೊರಗೆ ಬರಬೇಕು. ಕ್ಲಚ್ ಜಾರುತ್ತಿದ್ದು ಎಂಜಿನ್ ಕೆಲಸವೂ ಇದ್ದರೆ ಎರಡನ್ನೂ ಒಂದೇ ಸಲ ಸೇರಿಸಿ ಲೆಕ್ಕ ಹಾಕಿ. ವೈರಿಂಗ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಮುಕ್ಕಾಲು ಪಾಲು ತೊಂದರೆ ಅರ್ತ್ ಸರಿ ಇಲ್ಲದ್ದು, ಕನೆಕ್ಟರ್ ಕಿಲುಬು ಹಿಡಿದದ್ದು. ಉಪ್ಪು ಕಾಗದ ಹಿಡಿದು ಒಂದು ಭಾನುವಾರ ಕೂತರೆ ಆಯಿತು.

ಇದು ಎಂಜಿಬಿ ಮಾತು. ನಿಮ್ಮ ಕಾರಿನಲ್ಲಿ ದುಬಾರಿ ಜಾಗ ಯಾವುದು ಅಂತ ನೀವೇ ಪತ್ತೆ ಮಾಡಬೇಕು, ಅದು ಪ್ರತಿ ಕಾರಿಗೂ ಬೇರೆ. ಪೋರ್ಶೆ 944 ತೆಗೆದುಕೊಳ್ಳಿ. ಅದರ ಬಾಡಿಗೆ ಸತುವಿನ ಲೇಪ ಇದೆ, ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಟೈಮಿಂಗ್ ಬೆಲ್ಟ್ ಹೊತ್ತಿಗೆ ಸರಿಯಾಗಿ ಬದಲಾಯಿಸದೆ ಅದು ಕಿತ್ತುಹೋದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಅದರ ಗೇರ್ ಬಾಕ್ಸ್ ಇರುವುದು ಹಿಂದೆ, ಹಾಗಾಗಿ ಕ್ಲಚ್ ಬದಲಾವಣೆ ಅಂದರೆ ಕಾರಿನ ಕೆಳಗೆ ಅರ್ಧ ಭಾಗ ಬಿಚ್ಚಿದ ಹಾಗೆ. ಲೋಟಸ್ ಎಲಾನ್‌ಗೆ ಫೈಬರ್ ಗ್ಲಾಸ್ ಮೈ, ಒಳಗೆ ಬೆನ್ನುಮೂಳೆಯ ಹಾಗೆ ಉಕ್ಕಿನ ಚಾಸಿ. ಅಲ್ಲಿ ಅಯಸ್ಕಾಂತ ಮೈಗೆ ಹಿಡಿದು ಏನು ಪ್ರಯೋಜನ? ಚಾಸಿ ನೋಡಬೇಕು. ಹಳೇ ಡ್ಯಾಟ್ಸನ್ 240ಝಡ್‌ನಲ್ಲಿ ಬ್ಯಾಟರಿ ತಟ್ಟೆಯ ಕೆಳಗೆ, ನೆಲದಡಿಯ ರೈಲ್‌ಗಳಲ್ಲಿ ತುಕ್ಕು ಕೂತಿರುತ್ತದೆ.

ಬಿಡಿಭಾಗ ಸಿಗುತ್ತವೆಯೇ ಅನ್ನುವುದೂ ಇದರ ಜೊತೆಗೇ ಬರುವ ಪ್ರಶ್ನೆ. ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮೇಲೆ ತಯಾರಾಯಿತು, ಹಾಗಾಗಿ ನನಗೆ ಯಾವತ್ತೂ ಸಮಸ್ಯೆ ಆಗಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಇದರ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿಕೊಡುತ್ತಿದೆ. ಅಪರೂಪದ ಕಾರಿನವರಿಗೆ ಎಂಜಿನ್ ಭಾಗಕ್ಕಿಂತ ಕಾಡುವುದು ಸಣ್ಣಪುಟ್ಟ ಸಾಮಾನು. ಗಾಜಿನ ಸುತ್ತಿನ ರಬ್ಬರ್, ಕ್ರೋಮ್ ಪಟ್ಟಿ, ಟೈಲ್ ಲ್ಯಾಂಪಿನ ಗಾಜು. ಪಿಸ್ಟನ್ ಮಾಡಿಸಬಹುದು, ಆ ಗಾಜು ಯಾರು ಮಾಡಿಕೊಡುತ್ತಾರೆ? ನಿಮ್ಮ ಕಾರಿನಲ್ಲಿ ಇಲ್ಲದ, ಒಡೆದ ಸಾಮಾನುಗಳ ಪಟ್ಟಿ ಬರೆದು, ಒಂದೊಂದೂ ಇವತ್ತು ಎಲ್ಲಿ ಸಿಗುತ್ತದೆ ಅಂತ ಹುಡುಕಿ. ಎರಡು ಮೂರು ಸಾಮಾನು ಎಲ್ಲೂ ಸಿಗದಿದ್ದರೆ ಅದೂ ಒಂದು ಉತ್ತರವೇ.

ಈಗ ದುಡ್ಡಿನ ಲೆಕ್ಕ. ಒಂದು ಹಾಳೆಯಲ್ಲಿ ಮೂರೇ ಅಂಕಿ ಬೇಕು. ಪೂರ್ತಿ ಸರಿಯಾದ ಇಂಥದೇ ಕಾರು 100ಕ್ಕೆ ಹೋಗುತ್ತದೆ ಅಂದುಕೊಳ್ಳಿ. ನಿಮ್ಮದು ಈಗಿರುವ ಹಾಗೆ ಎಷ್ಟಕ್ಕೆ ಹೋಗುತ್ತದೆ? ರಿಪೇರಿಗೆ ಎಷ್ಟು? ನನ್ನ ಜಿಟಿ ಈಗಿರುವ ಹಾಗೆ 35. ವೆಲ್ಡಿಂಗ್, ಬಣ್ಣ, ಉಳಿದದ್ದು ಸೇರಿ 110. ಅಂದರೆ 145 ಹಾಕಿ 100ರ ಕಾರು ಇಟ್ಟುಕೊಂಡ ಹಾಗೆ. ಮೂಗಿಗಿಂತ ಮೂಗುತಿ ಭಾರ. ರೋಡ್‌ಸ್ಟರ್ ಈಗಿರುವ ಹಾಗೆ 50, ರಿಪೇರಿ 30. ಅದು 90ರ ಕಾರಾದರೂ ಸಾಕು ನನಗೆ. ಇಷ್ಟು ದಿನ ಹಾಕಿದ ದುಡ್ಡನ್ನು ಈ ಹಾಳೆಯಲ್ಲಿ ಬರೆಯಬೇಡಿ. ಅದು ಹೋಯಿತು. "ಇಷ್ಟು ಹಾಕಿದ್ದೀನಿ, ಈಗ ಹೇಗೆ ಮಾರಲಿ" ಅಂತ ನಾನು ಜಿಟಿಗೆ ಎರಡು ವರ್ಷ ಜಾಸ್ತಿ ಸುರಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು.

ಇಂಥ ಕಾರುಗಳಲ್ಲಿ ರಿಪೇರಿ ಖರ್ಚು ಮಾರುವಾಗ ಪೂರ್ತಿ ವಾಪಸ್ ಬರುವುದು ಅಪರೂಪ. ಹಾಗಾಗಿ ಲಾಭ ನೋಡಿ ಉಳಿಸಿಕೊಳ್ಳಬೇಡಿ. ಎಷ್ಟು ಕಳೆದುಕೊಂಡರೆ ನಿಮಗೆ ನಿದ್ದೆ ಬರುತ್ತದೆ ಅಂತ ಕೇಳಿಕೊಳ್ಳಿ. ನಾನೇ ಕೆಲಸ ಮಾಡುತ್ತೇನೆ, ಕೂಲಿ ಉಳಿಯುತ್ತದೆ ಅನ್ನುವವರು ಗಂಟೆಗಳನ್ನೂ ಬರೆಯಿರಿ. ಹೆಡ್ ಕೆಲಸಕ್ಕೆ 12 ಗಂಟೆ ಅಂದುಕೊಂಡಿದ್ದೆ, 31 ಆಯಿತು. ಅದರಲ್ಲಿ 4 ಗಂಟೆ ತುಂಡಾದ ಒಂದು ಸ್ಟಡ್ ಕೀಳೋಕೇ ಹೋಯಿತು. ನಿಮ್ಮ ಅಂದಾಜನ್ನು ಎರಡೂವರೆಯಿಂದ ಗುಣಿಸಿ, ಆಮೇಲೆ ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ ನೋಡಿ. ನಿಜವಾಗಿ. ನಮ್ಮ ಮನೆಯಲ್ಲಿ ಈ ಲೆಕ್ಕ ಹಾಕಿದ್ದು ನನ್ನ ಹೆಂಡತಿ. "ರೀ, ಈ ವೇಗದಲ್ಲಿ ಜಿಟಿ ಮುಗಿಯೋದು ಮಗಳ ಮದುವೆ ಆದ್ಮೇಲೆ" ಅಂದಳು. ಮಗಳು ಆಗ ಏಳನೇ ಕ್ಲಾಸು.

ಇನ್ನೊಂದು ಪ್ರಶ್ನೆ ಇದೆ, ಸ್ವಲ್ಪ ಚುಚ್ಚುತ್ತದೆ. ಕಾರು ಓಡುವ ಸ್ಥಿತಿಯಲ್ಲಿದ್ದಾಗ ಹೋದ ವರ್ಷ ಎಷ್ಟು ಸಲ ಹೊರಗೆ ತೆಗೆದಿರಿ? ನಾನು ರೋಡ್‌ಸ್ಟರ್ ಅನ್ನು ಕೆಮ್ಮುತ್ತಿದ್ದಾಗಲೂ ತಿಂಗಳಿಗೆ ಎರಡು ಸಲ ಓಡಿಸುತ್ತಿದ್ದೆ. ಜಿಟಿಯನ್ನು ಒರೆಸುತ್ತಿದ್ದೆ. ಅಷ್ಟೇ, ಒರೆಸುತ್ತಿದ್ದೆ.

ಉಳಿಸಿಕೊಳ್ಳೋಣ ಅಂತಾದರೆ ದಯವಿಟ್ಟು ಇಡೀ ಕಾರನ್ನು ಒಂದೇ ಸಲ ಬಿಚ್ಚಿ ಹಾಕಬೇಡಿ. ಡಬ್ಬಗಳಲ್ಲಿ ತುಂಬಿಟ್ಟ ಕಾರು ತುಂಬಾ ಸಲ ಡಬ್ಬಗಳಲ್ಲೇ ಮಾರಾಟವಾಗುತ್ತದೆ, ಅದೂ ಗುಜರಿ ಬೆಲೆಗೆ. ಒಂದು ಕೆಲಸ ಮುಗಿಸಿ, ಓಡಿಸಿ, ಆಮೇಲೆ ಮುಂದಿನದು. ಮೊದಲು ಪ್ರಾಣಕ್ಕೆ ಸಂಬಂಧಪಟ್ಟದ್ದು. ಬ್ರೇಕ್‌ನ ರಬ್ಬರ್ ಹೋಸ್, ಬ್ರೇಕ್ ಆಯಿಲ್, ಪೆಟ್ರೋಲ್ ಹೋಸ್. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಹೋಸ್‌ಗಳನ್ನು ತಿನ್ನುತ್ತದೆ, ಬಿರುಕು ಬಿಟ್ಟ ಹೋಸ್ ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕಿದರೆ ಮುಂದೆ ಹೇಳಬೇಕಾಗಿಲ್ಲ. ಟೈರಿನ ಮೇಲಿನ ಗೀರು ಇನ್ನೂ ಆಳವಾಗಿದೆ ಅಂತ ಮೋಸ ಹೋಗಬೇಡಿ, ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 2316 ಅಂದರೆ 2016ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಮುಂಚಿನ ಟೈರು, ಅದರ ಮೇಲೆ ಗ್ಯಾರೇಜಿನಿಂದ ಹೊರಗೂ ಬರಬೇಡಿ. ಇದಾದ ಮೇಲೆ ತಗಡು, ಆಮೇಲೆ ಎಂಜಿನ್. ಬಣ್ಣ, ಸೀಟು ಎಲ್ಲ ಕೊನೆಗೆ.

ಮಾರೋಣ ಅಂತಾದರೆ ಮಾಡಬೇಕಾದ್ದು ಕಮ್ಮಿ. ಕಾರು ಸ್ಟಾರ್ಟ್ ಆಗಲಿ, ಮುಂದಕ್ಕೆ ಹಿಂದಕ್ಕೆ ಹೋಗಲಿ, ಬ್ರೇಕ್ ಹಿಡಿಯಲಿ. ಸ್ಟಾರ್ಟ್ ಆಗುವ ಕಾರಿಗೂ ಆಗದ ಕಾರಿಗೂ ಬೆಲೆಯಲ್ಲಿ ಬರುವ ವ್ಯತ್ಯಾಸ ಒಂದು ಬ್ಯಾಟರಿ, ಕಾರ್ಬುರೇಟರ್ ಕ್ಲೀನಿಂಗ್ ಖರ್ಚಿಗಿಂತ ಎಷ್ಟೋ ಜಾಸ್ತಿ. ಹೊಸ ಬಣ್ಣ ಮಾತ್ರ ಹೊಡೆಸಬೇಡಿ. ಗೊತ್ತಿರುವವರು ಹೊಸ ಬಣ್ಣ ಕಂಡರೆ ಕೆಳಗೆ ಏನು ಮುಚ್ಚಿದ್ದಾರೆ ಅಂತಲೇ ಮೊದಲು ಕೇಳುತ್ತಾರೆ. ಎಂಜಿನ್ ನಂಬರು, ಚಾಸಿ ನಂಬರು ದಾಖಲೆಗೆ ತಾಳೆಯಾಗುತ್ತವೆಯೇ ನೀವೇ ಮೊದಲು ನೋಡಿಕೊಳ್ಳಿ. ಹಳೇ ಬಿಲ್ಲು, ಸರ್ವಿಸ್ ಪುಸ್ತಕ, ಕಾರಿನಿಂದ ಬಿಚ್ಚಿಟ್ಟ ಮೂಲ ಸಾಮಾನು, ಎಲ್ಲವನ್ನೂ ಒಂದು ಕಡೆ ಇಡಿ. ತುಕ್ಕಿನ ಫೋಟೊ ತೆಗೆದು ತೋರಿಸಿ, ಹತ್ತಿರದಿಂದ. ನಾನು ಜಿಟಿಯ ಸಿಲ್ ಮೇಲೆ ಅಯಸ್ಕಾಂತ ಜಾರುವ ವಿಡಿಯೊ ಕೂಡ ಕಳಿಸಿದೆ. ಹೆಂಡತಿ ನಕ್ಕಳು, ಆದರೆ ಸುಮ್ನೆ ಬಂದು ನೋಡಿ ಹೋಗುವವರ ಕಾಟ ತಪ್ಪಿತು.

ಬಂದ ಮೂರನೆಯವನೇ ತೆಗೆದುಕೊಂಡ. ಇಪ್ಪತ್ತೆಂಟು ಮೂವತ್ತರ ಹುಡುಗ, ವೃತ್ತಿಯಲ್ಲಿ ವೆಲ್ಡರ್. ನನ್ನ ಹಾಳೆಯಲ್ಲಿದ್ದ 110ರಲ್ಲಿ ದೊಡ್ಡ ಪಾಲು ಕೂಲಿ, ಅವನಿಗೆ ಅದು ಸೊನ್ನೆ. ನನಗೆ ಬಾರದ ಲೆಕ್ಕ ಅವನಿಗೆ ಬರುತ್ತದೆ. 35 ಹೇಳಿದ್ದೆ, 33ಕ್ಕೆ ಕೊಟ್ಟೆ. ಬ್ಯಾಟರಿ ಹಿಡಿದುಕೊಳ್ಳೋಕೆ ನಾನು ಕೊಟ್ಟಿದ್ದ ಮರದ ತುಂಡನ್ನು ನೋಡಿ ಅವನು ಏನೂ ಅನ್ನಲಿಲ್ಲ, ಅದು ಅವನ ದೊಡ್ಡತನ.

ಎರಡು ತಿಂಗಳಾದ ಮೇಲೆ ಒಂದು ಫೋಟೊ ಕಳಿಸಿದ. ಎಡಗಡೆ ಸಿಲ್ ಕತ್ತರಿಸಿ ತೆಗೆದಿದ್ದಾನೆ. ಒಳಗೆ ಯಾರೋ ಮುದುರಿ ತುರುಕಿದ ಹಳೇ ನ್ಯೂಸ್‌ಪೇಪರ್, ಅದರ ಮೇಲೆ ಬೆರಳು ದಪ್ಪ ಪುಟ್ಟಿ. "ಅಂಕಲ್, ಪೇಪರ್ ಇನ್ನೂ ಓದಬಹುದು" ಅಂತ ಬರೆದಿದ್ದ. ನಮ್ಮ ರೋಡ್‌ಸ್ಟರ್‌ನ ಸೀಟು ಇನ್ನೂ ಹರಿದೇ ಇದೆ. ಈ ಭಾನುವಾರ ಅದರ ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್ ಪಿನ್‌ಗಳಿಗೆ ಗ್ರೀಸ್ ಹೊಡೆಯಬೇಕು, 5,000 ಕಿಲೋಮೀಟರ್ ಆಗಲೇ ದಾಟಿದೆ.